ಹೊಗೆಸೊಪ್ಪಿನ ಬಣ್ಣದ ಪರದೆ

ಗೋಡೆ ಮತ್ತೆ ಬೆವರಿತ್ತು. ಬಿಳಿ ಬಳಿಸಿ ನೆಮ್ಮದಿಯಾಗಿ ಹೋಗಿದ್ದೆ. ವಾರ ಕಳೆದು ಬಂದು ನೋಡಿದರೆ ಟೀ ಚೆಲ್ಲಿದ ಹಾಗೆ ಕಲೆಗಳು ಮೇಲಿನಿಂದ ಕೆಳಕ್ಕೆ ಇಳಿದಿದ್ದವು. ಬೆರಳಿಟ್ಟರೆ ಅಂಟು, ಮೂಗಿನ ಹತ್ತಿರ ಒಯ್ದರೆ ಘಾಟು. ಮೈಯೆಲ್ಲ ಉರಿದುಹೋಯಿತು. ಪೇಂಟಿನವರಿಗೆ ಫೋನ್ ಮಾಡಿ ಬೈಯೋಣವೆಂದರೆ ಅಲ್ಲಿ ಸಿಗ್ನಲ್ ಇಲ್ಲ. ಫೋನು ಹಿಡಿದುಕೊಂಡು ಅಂಗಳದಿಂದ ಹೊಲದ ಬದುವಿಗೆ, ಬದುವಿನಿಂದ ಅಂಗಳಕ್ಕೆ ತಿರುಗಾಡಿದೆ. ಸಿಗ್ನಲ್ ಸಿಗುವ ಹೊತ್ತಿಗೆ ಬೈಗುಳವೇ ಮರೆತುಹೋಗಿತ್ತು.

ಮನೆಯೊಳಗೆ ಬೇಕಾದ ಪರದೆ, ಲ್ಯಾಮಿನೇಟು, ದೀಪ, ಬಣ್ಣ, ನೆಲಹಾಸುಗಳನ್ನು ಆರಿಸಿ, ಇಂಥ ಅಳತೆ, ಇಂಥ ಶೇಡು ಎಂದು ಗೊತ್ತುಮಾಡಿ ತರಿಸಿ, ಅವು ಗೋಡೆಗೆ ಏರುವ ತನಕ ಬೆನ್ನು ಹತ್ತುವುದು ನನ್ನ ಕೆಲಸ. ಹುಣಸೂರಿನಲ್ಲಿ ಒಂದು ಪುಟ್ಟ ಕಚೇರಿ ಇಟ್ಟುಕೊಂಡಿದ್ದೇನೆ. ಆದರೆ ಈ ಸಲ ಒಪ್ಪಿಕೊಂಡಿದ್ದು ಮನೆಯ ಕೆಲಸವಲ್ಲ, ಬ್ಯಾರನ್ ಕೆಲಸ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಂದರ ಮೇಲೊಂದು ಸಾಲಾಗಿರುವ ಗಳಗಳಿಗೆ ಏರಿಸಿ, ಕೆಳಗೆ ತಗಡಿನ ಪೈಪುಗಳಲ್ಲಿ ಕಾವು ಹರಿಸಿ ಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಕಟ್ಟಡ ಅದು. ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ರಸ್ತೆಯಲ್ಲಿ ಹೋದರೂ ಹೊಲದ ನಡುವೆ ನಿಂತಿರುತ್ತವೆ.

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಿಂದ ಒಳಕ್ಕಿದ್ದ ಆ ಊರಿಗೆ ನನ್ನನ್ನು ಕರೆಸಿದವಳು ಮನೆಯ ಸೊಸೆ. ಅವಳ ತವರು ಬೀಚನಹಳ್ಳಿ. ಅಪ್ಪ ಅಲ್ಲಿನ ಅಣೆಕಟ್ಟೆಯಲ್ಲಿ ನೀರಾವರಿ ನೌಕರ. ಮದುವೆಗೆ ಮುಂಚೆ ಅವಳು ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನಲ್ಲಿ ಅತಿಥಿಗಳ ಕೋಣೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಮದುವೆಯಾಗಿ ಈ ಹೊಗೆಸೊಪ್ಪಿನ ಮನೆಗೆ ಬಂದ ಮೇಲೆ, ಸುಗ್ಗಿ ಬಂತೆಂದರೆ ಎಲ್ಲರ ಜತೆ ಕೂತು ಹಸಿ ಸೊಪ್ಪು ಕಟ್ಟಬೇಕು. ಅದು ಅವಳ ಮೈಗೆ ಆಗಿಬರುವುದಿಲ್ಲ. ಕೈಗೆ ಹಸಿ ಸೊಪ್ಪಿನ ಅಂಟುಹಾಲು ಮೆತ್ತಿಕೊಂಡರೆ ಸಾಕು, ತಲೆ ಸುತ್ತು, ವಾಂತಿ. ಕೈಗವಸು ಹಾಕಿ ನೋಡಿದ್ದಳು, ಮಾತ್ರೆ ನುಂಗಿ ನೋಡಿದ್ದಳು.

"ವಾಂತಿ ಮಾಡ್ಕೊಂಡು ಬಂದು ಮತ್ತೆ ಅದೇ ಚಾಪೆ ಮ್ಯಾಲೆ ಕೂತ್ಕಬೇಕು ಅಕ್ಕ. ನಂಗೆ ಬೇರೆ ಕೆಲಸ ಗೊತ್ತು. ಕೋಣೆ ಹೆಂಗೆ ಇಡ್ಬೇಕು, ಬಂದೋರನ್ನ ಹೆಂಗೆ ನೋಡ್ಕಬೇಕು ಅಂತ ಗೊತ್ತು. ಬ್ಯಾರನ್ ನಂಗೆ ಕೊಡಿ ಅಂತ ಮಾವನ್ನ ಕೇಳ್ಕಂಡೆ," ಎಂದಿದ್ದಳು ಮೊದಲ ದಿನವೇ.

ಅವಳ ಮಾವ, ಆ ಮನೆಯ ಯಜಮಾನರು, ಒಂದು ಹಂಗಾಮಿನ ಮಟ್ಟಿಗೆ ಒಪ್ಪಿದ್ದರು. ದಸರೆಯ ರಜೆಗೆ ಮುಂಚೆ ಅವಳು ಹಿಂದೆ ಕೆಲಸ ಮಾಡಿದ್ದ ರೆಸಾರ್ಟಿನ ಮ್ಯಾನೇಜರು ಬಂದು ನೋಡುವುದು. ಹಳ್ಳಿಯಲ್ಲಿ ಒಂದು ರಾತ್ರಿ ಕಳೆಯಬೇಕೆನ್ನುವ ಅತಿಥಿಗಳನ್ನು ಕಳಿಸಲು ಅವರು ಒಪ್ಪಿದರೆ ಬ್ಯಾರನ್ ಸೊಸೆಗೆ. ಇಲ್ಲವಾದರೆ ಪೈಪುಗಳು ಮತ್ತೆ ಒಳಗೆ, ಅವಳು ಮತ್ತೆ ಚಾಪೆಯ ಮೇಲೆ. ಪೈಪುಗಳನ್ನು ಯಜಮಾನರು ಮಾರಿರಲಿಲ್ಲ. ಹಿತ್ತಲಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದರು. ನಾನು ಹೋದಾಗಲೆಲ್ಲ ಆ ಟಾರ್ಪಾಲು ನನ್ನನ್ನೇ ನೋಡುತ್ತಿದೆಯೇನೋ ಅನ್ನಿಸುತ್ತಿತ್ತು.

ಆ ವರ್ಷದ ಬೆಳೆಯೇನೂ ನಿಂತಿರಲಿಲ್ಲ. ಹೊಲದಲ್ಲಿ ಸೊಪ್ಪು ಬಲಿಯುತ್ತಿತ್ತು. ಮುರಿದಿದ್ದನ್ನು ಪಕ್ಕದಲ್ಲೇ ಇದ್ದ ಯಜಮಾನರ ತಮ್ಮನ ಬ್ಯಾರನ್ನಿಗೆ ಏರಿಸುತ್ತಿದ್ದರು. ತಮ್ಮನ ಸೊಪ್ಪು ಇಳಿಯುವ ತನಕ ಅಣ್ಣನದು ಕಾಯಬೇಕು. ಬಲಿತ ಸೊಪ್ಪಿಗೆ ಕಾಯುವ ತಾಳ್ಮೆ ಇಲ್ಲ, ಯಜಮಾನರಿಗೆ ಮೊದಲೇ ಇಲ್ಲ. ಊರಿನ ಎಲ್ಲ ಬ್ಯಾರನ್ನುಗಳ ತುದಿಯಲ್ಲೂ ಹೊಗೆ ಏಳುತ್ತಿರುವಾಗ ತಮ್ಮದೊಂದು ತಣ್ಣಗೆ ಕೂತಿರುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ತಮ್ಮನ ಬ್ಯಾರನ್ನಿಗೆ ಹೋಗಿ ಒಲೆ ನೋಡುವರು, ಥರ್ಮಾಮೀಟರ್ ನೋಡುವರು, ವಾಪಸು ಬರುವರು, ಕೂರುವ ಮೊದಲೇ ಮತ್ತೆ ಎದ್ದು ಹೊರಡುವರು. ನಾನೂ ಕೂತಲ್ಲಿ ಕೂರುವವಳಲ್ಲ. ಆ ಅಂಗಳದಲ್ಲಿ ನಾವಿಬ್ಬರು ಎದುರುಬದುರು ಸಿಕ್ಕಿದಾಗಲೆಲ್ಲ ದಾರಿ ಬಿಟ್ಟುಕೊಡುವುದೇ ಒಂದು ಕೆಲಸವಾಗಿತ್ತು.

ಗೋಡೆಯ ಬೆವರಿಗೆ ಕಾರಣ ಸಿಕ್ಕಿತು. ವರ್ಷಗಟ್ಟಲೆ ಬೆಂದ ಸೊಪ್ಪಿನ ಅಂಟು ಗಾರೆಯೊಳಗೆ ಇಳಿದಿತ್ತು. ನೀರು ಬೆರೆಸುವ ಪ್ರೈಮರ್ ಬಳಿದರೆ ಆ ನೀರೇ ಅಂಟನ್ನು ಕರಗಿಸಿ ಮೇಲಕ್ಕೆ ಎಳೆಯುತ್ತದೆ. ಬಳಿದಿದ್ದನ್ನೆಲ್ಲ ಕೆರೆಸಿದೆ. ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆಸಿ, ಒಣಗಲು ಬಿಟ್ಟು, ಕಲೆ ತಡೆಯುವ ಸಾಲ್ವೆಂಟ್ ಪ್ರೈಮರ್ ಹೊಡೆಸಿದೆ. ಅದರ ವಾಸನೆಗೆ ಅಂಗಳದ ಕೋಳಿಗಳು ಸಹ ಆ ಕಡೆ ಸುಳಿಯಲಿಲ್ಲ. ಅದು ಒಣಗುವವರೆಗೆ ದಿನಾ ಬಂದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ ಹೋಗುತ್ತಿದ್ದೆ. ಗಾವಡಗೆರೆಯಲ್ಲಿ ಒಂದು ಮನೆಯ ಅಡುಗೆಕೋಣೆಗೆ ಅಳತೆ ತೆಗೆಯಲು ಹೋಗಿದ್ದಾಗಲೂ ಬಣ್ಣ ಕಂಡ ಕಡೆಯೆಲ್ಲ ಕೈ ತಾನಾಗಿ ಗೋಡೆ ಮುಟ್ಟುತ್ತಿತ್ತು. ಆ ಮನೆಯವರು ನನಗೇನೋ ಆಗಿದೆ ಎಂದುಕೊಂಡಿರಬೇಕು.

ಕೊನೆಗೂ ಗೋಡೆ ಬೆವರುವುದು ನಿಂತಿತು. ಗಳಗಳಿದ್ದ ಎತ್ತರದಲ್ಲಿ ಮರದ ಅಟ್ಟ ಹಾಕಿಸಿ ಮೇಲೆ ಮಂಚ, ಕೆಳಗೆ ಕೂರುವ ಜಾಗ ಮಾಡಿಸಿದೆವು. ಹೊಲದ ಕಡೆಯ ಗೋಡೆಯಲ್ಲಿ ನೆಲದಿಂದ ಅಟ್ಟದ ಮೇಲಿನ ತನಕ ಉದ್ದಕ್ಕೆ ಒಂದೇ ಕಿಟಕಿ ಬಿಡಿಸಿದ್ದೆ. ಆ ಕಿಟಕಿಯೇ ಕೋಣೆಯ ಜೀವ. ಅದರ ಮೇಲೆ ಬೀಳುವ ಪರದೆಯ ಬಣ್ಣವೇ ಇಡೀ ಒಳಾಂಗಣದ ಬಣ್ಣ.

ಯಜಮಾನರು ಈ ಕೆಲಸದಲ್ಲಿ ಕೇಳಿದ್ದು ಒಂದೇ ಒಂದು. ಅದನ್ನೂ ನನ್ನ ಹತ್ತಿರ ಹೇಳಲಿಲ್ಲ, ಸೊಸೆಯ ಬಾಯಲ್ಲಿ ಹೇಳಿಸಿದರು. "ಒಳಗೆ ಒಗೆಸೊಪ್ಪಿನ ಬಣ್ಣ ಇರ್ಬೇಕಂತೆ ಅಕ್ಕ. ಇನ್ನೇನ್ ಬೇಕಾದ್ರೂ ಮಾಡ್ಕಳಿ ಅಂದವ್ರೆ."

ಇದಕ್ಕಿಂತ ಸುಲಭದ ಬೇಡಿಕೆ ಉಂಟೇ ಎಂದು ನನಗೆ ಖುಷಿಯಾಯಿತು. ನಾನು ಕೆ.ಆರ್. ನಗರದ ಭತ್ತದ ಗದ್ದೆಗಳ ನಡುವೆ ಹುಟ್ಟಿದವಳು. ಹೊಗೆಸೊಪ್ಪು ಎಂದರೆ ನನಗೆ ಗೊತ್ತಿದ್ದುದು ಅಜ್ಜಿ ಎಲೆಅಡಿಕೆಯ ಜತೆ ದವಡೆಗೆ ಒತ್ತಿಕೊಳ್ಳುತ್ತಿದ್ದ ಕಪ್ಪುಗಂದು ಎಸಳು. ಬಟ್ಟೆಯ ಕ್ಯಾಟಲಾಗ್ ತೆಗೆದರೆ ಅದರಲ್ಲಿ ಒಂದು ಶೇಡಿನ ಹೆಸರೇ ಟೊಬ್ಯಾಕೊ! ಅದೂ ಅಜ್ಜಿಯ ಎಸಳಿನ ಬಣ್ಣವೇ. ಫೋಟೋ ಕಳಿಸಿದೆ. ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ ಬೆಳೆದ, ಈ ಮನೆಗೆ ಬಂದ ಮೇಲೂ ಬೆಂದ ಸೊಪ್ಪಿನ ಹತ್ತಿರ ಸುಳಿಯದ ಸೊಸೆಗೂ ಅದು ಸರಿ ಕಂಡಿತು. "ನಮ್ ರೆಸಾರ್ಟಲ್ಲೂ ಇಂಥದೇ ಇತ್ತು ಅಕ್ಕ, ಬೋ ಚೆನ್ನಾಗಿರುತ್ತೆ," ಎಂದಳು. ಬೆಳಕು ಚೂರೂ ನುಸುಳದ ಬ್ಲ್ಯಾಕ್‌ಔಟ್ ಅಸ್ತರು ಹಾಕಬೇಕೆಂದು ರೆಸಾರ್ಟಿನವರು ಮೊದಲೇ ಹೇಳಿದ್ದರು. ಅದನ್ನೂ ಸೇರಿಸಿ ತರಿಸಿದೆ. ಮಂಚದ ತಲೆಹಲಗೆಗೆ ಅದೇ ಶೇಡಿನ ಲ್ಯಾಮಿನೇಟು, ಕೂರುವ ದಿಂಬುಗಳಿಗೂ ಅದೇ.

ಪರದೆ ಏರಿಸಿದ ದಿನ ನಾನೇ ಕೆಳಗೆ ನಿಂತು ಮಡಿಕೆಗಳನ್ನು ಸರಿಮಾಡಿದೆ. ಗಂಭೀರವಾಗಿ, ದೊಡ್ಡ ಊರಿನ ಹೋಟೆಲಿನ ಹಾಗೆ ಕಾಣುತ್ತಿತ್ತು. ಸೊಸೆ ಕಣ್ಣರಳಿಸಿ ನೋಡಿ, ಓಡಿಹೋಗಿ ಮಾವನನ್ನು ಕರೆತಂದಳು. ಅವರು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡಲಿಲ್ಲ.

"ಯಾರ ಮನೆ ಸೊಪ್ಪವ್ವ ಇದು?" ಎಂದರು.

ನನಗೆ ಅರ್ಥವಾಗಲಿಲ್ಲ. "ನೀವು ಹೇಳಿದ್ರಲ್ಲ, ಹೊಗೆಸೊಪ್ಪಿನ ಬಣ್ಣ ಅಂತ," ಎಂದೆ.

"ಇದು ಒಗೆಸೊಪ್ಪಾ? ಇದು ಕಂದೋಗಿರೋ ಸೊಪ್ಪು. ಕಾವು ಮೀರಿ, ನೋಡ್ಕಳೋರಿಲ್ದೆ ಸುಟ್ಟೋಗಿರೋ ಸೊಪ್ಪು. ಇಂಥದ್ನ ನಾವು ಎದ್ರು ಬಾಗಿಲಿಂದ ಈಚೆಗೂ ತರಾಕಿಲ್ಲ, ಯಾರಾರಾ ನೋಡಾರು ಅಂತ ಇತ್ಲು ಬಾಗಿಲಿಂದ ಸಾಗಿಸ್ತೀವಿ. ನೀವು ಕಿಟ್ಕಿಗೆ ನೇತಾಕಿದ್ದೀರಿ!"

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಸೊಸೆಯ ಕಡೆ ತಿರುಗಿ, "ಬ್ಯಾರನ್ ಕೇಳ್ದೆ, ಕೊಟ್ಟೆ. ನನ್ ಬ್ಯಾರನ್ನಿಗೆ ಈ ಮಖ ಆಕ್ಬ್ಯಾಡ ಕಣಮ್ಮಿ. ಇದ್ರಲ್ಲೇ ಬಂದೋರು ಮಲಗ್ತಾರೆ ಅನ್ನೋದಾದ್ರೆ ಇವತ್ತೇ ಪೈಪ್ ಒಳಕ್ ಎತ್ತಿಸ್ತೀನಿ," ಎಂದು ಹೊರಟುಹೋದರು.

ಸೊಸೆ ಅಟ್ಟದ ಮೆಟ್ಟಿಲ ಮೇಲೆ ಕುಸಿದು ಕೂತಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಅಂಗೈಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು, ಇನ್ನೂ ಮುಟ್ಟದಿರುವ ಸೊಪ್ಪಿನ ಹಾಲು ಆಗಲೇ ಮೆತ್ತಿಕೊಂಡಿದೆ ಅನ್ನುವ ಹಾಗೆ.

ಅವತ್ತು ಹುಣಸೂರಿಗೆ ವಾಪಸಾಗುವ ಬಸ್ಸಿನಲ್ಲಿ ನನ್ನನ್ನೇ ಬೈದುಕೊಂಡೆ, ಅಜ್ಜಿಯನ್ನೂ ಬೈದೆ, ಕ್ಯಾಟಲಾಗಿನಲ್ಲಿ ಹೆಸರಿಟ್ಟ ಪುಣ್ಯಾತ್ಮನನ್ನಂತೂ ಬಿಡಲೇ ಇಲ್ಲ. ಈ ಸೀಮೆಯಲ್ಲಿ ಬೇಯಿಸುವ ಸೊಪ್ಪು ಹದವಾಗಿ ಬೆಂದರೆ ಹಳದಿ, ಹೊಂಬಣ್ಣ. ಕಂದಾದರೆ ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಹುಣಸೂರಿನ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಬೇಕೆಂದೇ ಹೊಳೆದಿರಲಿಲ್ಲ. ಎಲ್ಲರ ಬಾಯಲ್ಲೂ ಇರುವ ಮಾತಿಗೆ ಎಲ್ಲರ ಕಣ್ಣಿಗೂ ಒಂದೇ ಬಣ್ಣ ಕಾಣುತ್ತದೆಂದು ನಂಬಿದ್ದೆ.

ಮರುದಿನದಿಂದ ಕಾಲಿಗೆ ಚಕ್ರ ಕಟ್ಟಿಕೊಂಡೆ. ಅಳತೆಗೆ ಕತ್ತರಿಸಿದ ಬಟ್ಟೆಯನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಕಂದು ಪರದೆಗಳನ್ನು ಬಿಚ್ಚಿ ನನ್ನ ಕಚೇರಿಯ ಮೂಲೆಗೆ ತಂದು ಒಟ್ಟಿದೆ. ಮೈಸೂರಿನ ಅಂಗಡಿಗಳಿಂದ ಹಳದಿ ಎನ್ನುವ ಹೆಸರಿದ್ದ ತುಂಡುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಬಂದೆ. ಅಂಗಳದ ಹಗ್ಗದ ಮೇಲೆ ಸಾಲಾಗಿ ಹರವಿದೆವು. ಯಜಮಾನರು ಬಂದು ಒಂದೊಂದನ್ನೇ ಹಿಡಿದು ನೋಡಿದರು. ಒಂದು ಸಾಸಿವೆಯಂತೆ, ಇನ್ನೊಂದು ಅರಿಶಿನವಂತೆ, ಮತ್ತೊಂದು ಮದುವೆಮನೆಯ ಶಾಮಿಯಾನವಂತೆ.

ತಮ್ಮನೂ ಬಂದು ಸೇರಿಕೊಂಡ. ಅಲ್ಲಿಗೆ ಕೆಲಸ ಪೂರ್ತಿ ಕೆಟ್ಟಿತು.

"ನಿಂಬೆಹಣ್ಣಿನ ಬಣ್ಣ ಇದ್ರೆ ಸರ್ಯಾದ ಸೊಪ್ಪು ಕಣಣ್ಣ, ಇದ್ನೇ ಆಕ್ಸು," ಎಂದು ಅವನು ಒಂದು ತುಂಡು ಎತ್ತಿದ.

"ನಿಂಬೆಹಣ್ಣು ನಿನ್ ಬ್ಯಾರನ್ನಿನ ಸೊಪ್ಪು ಕಣ್ಲಾ. ಗಿಡದ ತಳದ ಸೊಪ್ಪು ಅಂಗೇ ಬರೋದು. ನಡುಸೊಪ್ಪು ಕಿತ್ಲೆ ತಿರುಗ್ಬೇಕು, ಕಿತ್ಲೆ!"

"ಬೆಳಿಗ್ಗೆ ನೋಡ್ದಾಗ ನಿಂಬೆ ಅಂದೋನು ನೀನೇ ಅಲ್ವಾ?"

"ಬೆಳಿಗ್ಗೆ ಬಿಸ್ಲು ಬೇರೆ, ಈಗ ಬಿಸ್ಲು ಬೇರೆ ಕಣೋ!"

ಇಬ್ಬರೂ ಜೋರಾದರು. ನಾನು ತಲೆ ಹಿಡಿದುಕೊಂಡೆ. ಬಣ್ಣ ಕೇಳಿದವರಿಗೇ ಬಣ್ಣ ಗೊತ್ತಿಲ್ಲವಲ್ಲ ಎಂದು ಸಿಟ್ಟು. ಮ್ಯಾನೇಜರು ಬರುವ ದಿನ ಹತ್ತಿರವಾಗುತ್ತಿತ್ತು. ಹೊಲದಲ್ಲಿ ಸೊಪ್ಪು ಮುರಿಯುವ ಹದಕ್ಕೆ ಬಂದು, ತಮ್ಮನ ಬ್ಯಾರನ್ ಖಾಲಿಯಾಗುವುದನ್ನು ಕಾಯುತ್ತಿತ್ತು. ಯಜಮಾನರ ಕಣ್ಣು ದಿನಕ್ಕೆ ಎಷ್ಟು ಸಲ ಹಿತ್ತಲಿನ ಟಾರ್ಪಾಲಿನ ಕಡೆ ಹೋಗುತ್ತಿತ್ತೆಂದು ಸೊಸೆಗೆ ಗೊತ್ತಿತ್ತು. ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ತಮ್ಮನ ಬ್ಯಾರನ್ ಬಿಚ್ಚಿ ಸೊಪ್ಪು ಇಳಿಸುವುದಿತ್ತು. ಜಗಳ ಅಲ್ಲಿಗೂ ಮುಂದುವರಿಯಿತು, ನಾನೂ ತುಂಡುಗಳನ್ನು ತೋಳಿಗೆ ಹಾಕಿಕೊಂಡು ಹಿಂದೆ ಹೋದೆ. ಬೆಂದ ಸೊಪ್ಪು ಇನ್ನೂ ಗಳಗಳ ಮೇಲೇ ಇತ್ತು. ಗಾಳಿಯಾಡಲೆಂದು ಮೇಲಿನ ಕಿಂಡಿ, ಕೆಳಗಿನ ಬಾಗಿಲು ಎರಡನ್ನೂ ತೆಗೆದಿದ್ದರು. ಒಳಗೆ ಕಾಲಿಟ್ಟು ತಲೆ ಎತ್ತಿದೆ.

ಬಾಗಿಲ ಹತ್ತಿರದ ಸಾಲಿನಲ್ಲಿ ಬಿಸಿಲು ನೇರವಾಗಿ ಹಾಯ್ದು ಎಲೆಗಳು ನಿಂಬೆಹಣ್ಣಿನ ಹಾಗಿದ್ದವು. ಎಲೆಯ ಹಿಂದೆ ಇನ್ನೊಂದು ಎಲೆ ಇದ್ದಲ್ಲಿ ಅದೇ ಬಣ್ಣ ಕಿತ್ತಳೆಗೆ ತಿರುಗಿತ್ತು. ಮೂರು ನಾಲ್ಕು ಎಲೆ ಸೇರಿದಲ್ಲಿ ಜೇನಿನ ಹಾಗೆ. ಗಾಳಿ ಬೀಸಿ ಕಡ್ಡಿಗಳು ಅಲುಗಾಡಿದಾಗ ಒಂದು ಇನ್ನೊಂದಾಗುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ಬಣ್ಣವನ್ನು ಒಂದೇ ಬಟ್ಟೆಯಲ್ಲಿ ಹುಡುಕುತ್ತಿದ್ದ ನನ್ನ ಕೆಲಸವೇ ತಪ್ಪಾಗಿತ್ತು.

ತೋಳಿನ ಮೇಲಿದ್ದ ತುಂಡುಗಳಲ್ಲಿ ನಿಂಬೆ ಬಣ್ಣದ ತೆಳು ವಾಯ್ಲ್ ಒಂದನ್ನು ಎಳೆದೆ. ಕಿತ್ತಳೆ ಛಾಯೆಯ ಲಿನನ್ ಮಿಶ್ರಿತ ಹತ್ತಿಯ ತುಂಡೊಂದನ್ನು ಅದರ ಹಿಂದೆ ಇಟ್ಟು ಬಾಗಿಲಿನ ಬೆಳಕಿಗೆ ಹಿಡಿದೆ. ಹಿಂದೆ ಮುಂದೆ ಅದಲುಬದಲು ಮಾಡಿದೆ. ಜಗಳ ನಿಂತಿತು.

"ಇನ್ನೊಸಿ ಎತ್ತು," ಎಂದರು ಯಜಮಾನರು. ಎತ್ತಿದೆ. "ಒಸಿ ಅಲ್ಲಾಡ್ಸು." ಅಲ್ಲಾಡಿಸಿದೆ. ಅವರು ಸೊಪ್ಪು ಇಳಿಸಲು ಹೋದರು. ಅವರು ಇಲ್ಲ ಎನ್ನದಿರುವುದು ನಾನು ಕಂಡಂತೆ ಅದೇ ಮೊದಲು.

ಆದರೆ ಇದರಲ್ಲಿ ಒಂದು ದೊಡ್ಡ ಗಂಟು ಇತ್ತು. ಈ ಬಣ್ಣ ಹುಟ್ಟಬೇಕಾದರೆ ಬೆಳಕು ಎರಡೂ ಬಟ್ಟೆಗಳನ್ನು ಹಾಯ್ದು ಬರಬೇಕು. ಹಿಂದೆ ಬ್ಲ್ಯಾಕ್‌ಔಟ್ ಅಸ್ತರು ಹಾಕಿದರೆ ಬಣ್ಣ ಸತ್ತುಹೋಗುತ್ತದೆ. ಅಸ್ತರು ಇಲ್ಲದಿದ್ದರೆ ಬೆಳಗಾಗುತ್ತಲೇ ಹೊಲದ ಬಿಸಿಲು ಮಂಚದ ಮೇಲೆ. ರೆಸಾರ್ಟಿನವರು ಬೇಕೇ ಬೇಕೆಂದಿದ್ದ ಮೊದಲ ವಸ್ತುವೇ ಅದು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರಿಗೆ ಬೆಳಗ್ಗೆ ಕತ್ತಲು ಬೇಕು. ಎರಡು ದಾರಿಯ ನಡುವೆ ನಾನು ನಿದ್ದೆಗೆಟ್ಟೆ. ಒಂದು ಕಡೆ ಒಪ್ಪಿಗೆ ಕೊಡಬೇಕಾದ ಮ್ಯಾನೇಜರು, ಇನ್ನೊಂದು ಕಡೆ ಬ್ಯಾರನ್ ಕೊಡಬೇಕಾದ ಯಜಮಾನರು. ಕಿಟಕಿಗೆ ಮುಚ್ಚಿ ತೆರೆಯುವ ಹಲಗೆಯ ಬಾಗಿಲು ಮಾಡಿಸಿದರೆ ಎರಡೂ ಆಗುತ್ತದೆ ಎಂದು ಬಡಗಿಯನ್ನು ಕೇಳಿದೆ. ಅಷ್ಟೆತ್ತರದ ಬಾಗಿಲು ಹಬ್ಬ ಕಳೆಯದೆ ಆಗದು ಎಂದುಬಿಟ್ಟರು.

ಸೊಸೆಯನ್ನು ಹೊಲದ ಬದುವಿನಲ್ಲಿ ನಿಲ್ಲಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಸ್ತರು ಬಿಟ್ಟರೆ ನಿಮ್ಮ ಮಾವ ಒಪ್ಪಬಹುದು, ಮ್ಯಾನೇಜರು ಒಪ್ಪದೇ ಇರಬಹುದು. ಹಾಕಿದರೆ ಅದು ತಿರುಗಾಮುರುಗಾ. ನನಗೆ ಧೈರ್ಯ ಸಾಲ್ತಿಲ್ಲ, ನೀನು ಹೇಳು."

ತಮ್ಮನ ಬ್ಯಾರನ್ನಿನ ಹೊಗೆ ನಮ್ಮ ಕಡೆಗೇ ಬೀಸುತ್ತಿತ್ತು.

"ಅಸ್ತರು ಬ್ಯಾಡ ಅಕ್ಕ. ಬಂದೋರು ಒಂದಿನ ಇದ್ದು ಓಗ್ತಾರೆ. ನಾನು ಇರ್ಬೇಕಾದ್ದು ಇಲ್ಲೇ ಅಲ್ವಾ? ಮಾವ ಮನಸಲ್ಲಿ ಬ್ಯಾಡ ಅನ್ಕಂಡು ಬಾಯಲ್ಲಿ ಊಂ ಅಂದ್ರೆ, ಈ ವರ್ಸ ಅಲ್ದಿದ್ರೆ ಬರೋ ವರ್ಸ ಪೈಪ್ ಒಳಕ್ ಬತ್ತವೆ."

ನನಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವಳು. ಅವಳ ಮುಂದೆ ನಿಂತು ನನಗೆ ಒಮ್ಮೆಗೇ ಹೆಮ್ಮೆಯೂ ಭಯವೂ ಆಯಿತು.

ಅಲ್ಲಿಂದ ಮುಂದೆ ಬರೀ ಓಟ. ನಿಂಬೆ ಬಣ್ಣದ ವಾಯ್ಲ್ ಮೈಸೂರಿನಲ್ಲೇ ಸಿಕ್ಕಿತು. ಕಿತ್ತಳೆ ಛಾಯೆಯ ಬಟ್ಟೆ ಬೆಂಗಳೂರಿನ ಒಬ್ಬ ವ್ಯಾಪಾರಿಯಲ್ಲಿತ್ತು, ಆದರೆ ಅರ್ಧ ಒಂದು ಸಲ ಬಣ್ಣದ ತೊಟ್ಟಿಗೆ ಅದ್ದಿದ್ದು, ಅರ್ಧ ಇನ್ನೊಂದು ಸಲ ಅದ್ದಿದ್ದು. ಒಂದೇ ಶೇಡು, ಒಂದೇ ನಂಬರು ಎಂದು ಅವರು ಫೋನಿನಲ್ಲಿ ಆಣೆ ಇಟ್ಟರು. ಆಣೆ ಬೇಡ, ಎರಡರಿಂದಲೂ ಒಂದೊಂದು ಗೇಣು ಕತ್ತರಿಸಿ ಬಸ್ಸಿನಲ್ಲಿ ಕಳಿಸಿ ಎಂದೆ. ಬಂದದ್ದನ್ನು ಕಿಟಕಿಗೆ ಅಂಟಿಸಿ ನೋಡಿದರೆ ಒಂದು ಹೊಂಬಣ್ಣ, ಇನ್ನೊಂದು ಗುಲಾಬಿ ಕಡೆಗೆ ಎಳೆಯುತ್ತಿತ್ತು. ಅಕ್ಕಪಕ್ಕ ಹೊಲಿದಿದ್ದರೆ ಪರದೆಗೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಹೊಂಬಣ್ಣದ್ದಷ್ಟೇ ತರಿಸಿಕೊಂಡೆ. ಬಟ್ಟೆ ಕಡಿಮೆ ಬಿತ್ತು. ಕಿಟಕಿಯ ಅಗಲಕ್ಕೆ ಎರಡೂವರೆ ಪಟ್ಟು ಬಟ್ಟೆ ಇಟ್ಟು ಮಾಡುವ ಮಡಿಕೆಯನ್ನು ಎರಡು ಪಟ್ಟಿಗೆ ಇಳಿಸಿದೆ. ಮಡಿಕೆ ಕಡಿಮೆಯಾಗಿ ಬೆಳಕು ಹೆಚ್ಚು ಹಾಯ್ದಿದ್ದರಿಂದ ಅದೇ ಒಳ್ಳೆಯದಾಯಿತು.

ನನಗೆ ಪರದೆ ಹೊಲಿದುಕೊಡುವ ಹೆಂಗಸು ಅಷ್ಟುದ್ದದ ಬಟ್ಟೆಯನ್ನು ಮನೆಯೊಳಗೆ ಹರವಲಾಗದೆ ತಾರಸಿಯ ಮೇಲೆ ಹಾಸಿ ಕತ್ತರಿಸಿದರು. ಏರಿಸಿ ಸಂಜೆ ದೀಪ ಹಾಕಿದರೆ ಇನ್ನೊಂದು ಅನಾಹುತ. ಸೊಸೆಯ ಗಂಡ ಹಾಲಿನ ಗಾಡಿ ಓಡಿಸುವವನು. ಅವನು ಬರುವಾಗ ತಂದು ಹಾಕಿದ್ದ ಬೆಳ್ಳನೆಯ ಎಲ್ಇಡಿ ಬಲ್ಬಿನಲ್ಲಿ ನಿಂಬೆ ಬಣ್ಣ ಹಸಿರಾಗಿ ಕಂಡಿತು. "ಇನ್ನೂ ಬೇಯ್ನಿಲ್ಲ," ಎಂದು ಬಾಗಿಲಾಚೆಯಿಂದ ಯಜಮಾನರ ಧ್ವನಿ ಬಂತು. ಅಷ್ಟು ಆತಂಕದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಬಲ್ಬುಗಳನ್ನೆಲ್ಲ ಬಿಚ್ಚಿಸಿ ಹಳದಿ ಬೆಳಕಿನವನ್ನು ಹಾಕಿಸಿದೆ. ತಲೆಹಲಗೆಯ ಕಂದು ಲ್ಯಾಮಿನೇಟನ್ನು ಕೀಳಿಸಿ ಬರೀ ಹಲಸಿನ ಹಲಗೆಗೆ ಎಣ್ಣೆ ಹಚ್ಚಿಸಿ ಬಿಟ್ಟೆ.

ಮ್ಯಾನೇಜರು ಹೇಳಿದ ದಿನಕ್ಕೇ ಬಂದರು. ವಯನಾಡಿನ ಕಡೆಯವರು, ಮೆಲುಮಾತಿನ ಮನುಷ್ಯ. ಸೊಸೆಯನ್ನು ಹಳೆಯ ಗುರುತಿನಿಂದ ಪ್ರೀತಿಯಿಂದ ಮಾತಾಡಿಸಿದರು. ಬಚ್ಚಲು ನೋಡಿದರು, ಹಾಸಿಗೆ ಒತ್ತಿ ನೋಡಿದರು, ಅಟ್ಟದ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದರು. ಮುಂಜಾನೆಯ ಬಿಸಿಲು ಕಿಟಕಿಯಲ್ಲಿ ತುಂಬಿತ್ತು. ಅವರು ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಕಿಟಕಿ ತೆಗೆದರು. ತಮ್ಮನ ಬ್ಯಾರನ್ನಿನ ಹೊಗೆ ನೇರವಾಗಿ ಒಳಗೆ ಬಂತು.

ಅವರು ಕೆಮ್ಮಿ ಕಿಟಕಿ ಮುಚ್ಚಿದರು. "ಕೋಣೆ ತುಂಬಾ ಚೆಂದ ಉಂಟು. ನಾನು ಸುಳ್ಳು ಹೇಳುವುದಿಲ್ಲ," ಎಂದರು. "ಆದ್ರೆ ನೀವು ಬೇಜಾರ್ ಮಾಡ್ಕೊಬಾರ್ದು. ಪರದೆಯಲ್ಲಿ ಬೆಳಕು ಬರ್ತದೆ, ಅದನ್ನು ಹೇಗಾದ್ರೂ ಸರಿಮಾಡ್ಬಹುದು. ಈ ಹೊಗೆ? ನಮ್ಮ ಜನ ಬರುವುದೇ ಈಗ ದಸರೆಯಿಂದ ಕ್ರಿಸ್‌ಮಸ್ ತನಕ. ಆ ಹೊಗೆ ಎಷ್ಟು ದಿವಸ ಇರ್ತದೆ?"

"ಸುಗ್ಗಿ ಮುಗಿಯೋಗಂಟ ಇರ್ತದೆ ಸಾರ್," ಎಂದಳು ಸೊಸೆ.

"ಹಾಗಾದ್ರೆ ಈಗ ಆಗ್ಲಿಕ್ಕಿಲ್ಲಮ್ಮಾ. ಬೇಸಿಗೆಗೆ ನೋಡುವ." ಅವರು ಕೈ ಮುಗಿದು ಕಾರು ಹತ್ತಿದರು.

ಬಣ್ಣಕ್ಕೆ, ಬೆಳಕಿಗೆ, ಗೋಡೆಯ ಬೆವರಿಗೆ ಜೀವ ತೇದಿದ್ದ ನಮ್ಮಿಬ್ಬರಿಗೂ ಪಕ್ಕದಲ್ಲೇ ಹೊಗೆಯಾಡುತ್ತಿದ್ದ ಬ್ಯಾರನ್ ಕಂಡಿರಲಿಲ್ಲ. ಈ ಸೀಮೆಯಲ್ಲಿ ಹಂಗಾಮಿನ ಹೊಗೆ ಗಾಳಿಯಷ್ಟೇ ಸಹಜ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಅಂಗಳದ ಕಲ್ಲಿನ ಮೇಲೆ ಕೂತೆ. ಅಷ್ಟು ದಿನಗಳಲ್ಲಿ ಅಲ್ಲಿ ನಾನು ಕೂತದ್ದು ಅದೇ ಮೊದಲಿರಬೇಕು. ಸೊಸೆ ಬ್ಯಾರನ್ನಿನ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ದುಃಖಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು.

ಯಜಮಾನರು ಅಷ್ಟರಲ್ಲಿ ಬ್ಯಾರನ್ನಿನೊಳಗೆ ಹೋಗಿದ್ದರು. ಮ್ಯಾನೇಜರು ಇರುವ ತನಕ ದನದ ಕೊಟ್ಟಿಗೆಯ ಹತ್ತಿರವೇ ಸುಳಿದಾಡುತ್ತಿದ್ದವರು, ಅವರು ಹೋದ ಮೇಲೆ ಒಬ್ಬರೇ ಒಳಗೆ ಹೋಗಿ ನಿಂತಿದ್ದರು. ಏನು ಮಾಡುತ್ತಿದ್ದಾರೆಂದು ಇಣುಕಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಹೊಲದ ಕಡೆಯಿಂದ ತಮ್ಮ ಬಿರಬಿರನೆ ಬಂದ. ಕಾಲೆಲ್ಲ ಕೆಸರು, ಹೆಗಲ ಮೇಲೆ ಹಸಿ ಸೊಪ್ಪಿನ ಹೊರೆ. ಕಾರು ಹೋದದ್ದನ್ನು ನೋಡಿದ್ದ, ಸುದ್ದಿಯನ್ನೂ ದಾರಿಯಲ್ಲೇ ಕೇಳಿಸಿಕೊಂಡಿದ್ದ.

"ಆಗಾಕಿಲ್ಲ ಅಂದ್ರಂತಲ್ಲಣ್ಣ? ಓಗ್ಲಿ ಬುಡು ಅತ್ಲಾಗೆ. ನನ್ ಬ್ಯಾರನ್ ತುಂಬೋಗದೆ, ನಿನ್ ಸೊಪ್ಪು ಒಲದಲ್ಲೇ ಹಣ್ಣಾಯ್ತಾ ಅದೆ. ಪೈಪ್ ಎತ್ಸಣ, ಸಂಜಿಕೇ ಏರಿಸ್ಬುಡಣ," ಎಂದು ಒಳಗಿದ್ದ ಅಣ್ಣನಿಗೆ ಕೂಗಿ ಹೇಳುತ್ತ ಆ ಹೊರೆಯ ಸಮೇತ ಬಾಗಿಲ ಕಡೆಗೆ ನುಗ್ಗಿದ.

ಸೊಸೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

ಒಳಗಿನಿಂದ ಯಜಮಾನರು ಹೊಸ್ತಿಲಿಗೆ ಬಂದು ನಿಂತರು. ಎರಡೂ ಕೈ ಚೌಕಟ್ಟಿಗೆ ಕೊಟ್ಟಿದ್ದರು.

"ಒರೆ ಕೆಳಗಿಳ್ಸು," ಎಂದರು.

"ಯಾಕಣ್ಣ?"

"ಇಳ್ಸು ಅಂದೆ. ಕಾಲ್ ತೊಳ್ಕಂಡು, ಚಪ್ಲಿ ಆಚೆ ಬುಟ್ಟು ಬಾ ಕಣ್ಲಾ. ಬ್ಯಾರನ್ ಅಲ್ಲ ಇದು, ನನ್ ಸೊಸೆ ಮನೆ."